ಲೈನ್ ಕ್ಲಿಯರ್ ನಂಬರ್ ಹದಿನೇಳು

ಕಂಬದ ಮೇಲಿನ ತಂತಿಯಲ್ಲಿ ಕರೆಂಟ್ ಇದೆಯೋ ಇಲ್ಲವೋ ಕಣ್ಣಿಗೆ ಕಾಣುವುದಿಲ್ಲ. ಸತ್ತ ತಂತಿಗೂ ಅದೇ ಬಣ್ಣ, ಜೀವ ಇರುವ ತಂತಿಗೂ ಅದೇ ಬಣ್ಣ. ಗುಬ್ಬಿ ಎರಡರ ಮೇಲೂ ಕೂರುತ್ತದೆ. ಕಂಬ ಏರುವವನು ಮೂರೋ ನಾಲ್ಕೋ ಮೈಲಿ ಆಚೆ ಸಬ್‌ಸ್ಟೇಷನ್ನಿನಲ್ಲಿ ಕುಳಿತ ಇನ್ನೊಬ್ಬ ಮನುಷ್ಯನ ಮಾತು ನಂಬಿ ಏರುತ್ತಾನೆ. ದಿನಕ್ಕೆ ಹತ್ತು ಸಲ ಸ್ವಿಚ್ ಒತ್ತುವ ನಮಗೆ ಇಷ್ಟಾದರೂ ಗೊತ್ತಿರಬೇಕಿತ್ತು.

ಆ ಮಾತಿಗೆ ಲೈನ್‌ಮನ್‌ಗಳು ಲೈನ್ ಕ್ಲಿಯರ್ ಅನ್ನುತ್ತಾರೆ, ಚುಟುಕಾಗಿ ಎಲ್.ಸಿ. ಲೈನ್‌ಮನ್ ಕೇಳಬೇಕು, ಆಪರೇಟರ್ ಲೈನ್ ಬಂದ್ ಮಾಡಿ ಒಂದು ನಂಬರ್ ಕೊಡಬೇಕು, ಕೇಳಿದವನು ಆ ನಂಬರನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಕೆಲಸ ಮುಗಿದ ಮೇಲೆ ಯಾರು ಎಲ್.ಸಿ. ತಗೊಂಡಿದ್ದನೋ ಅವನೇ ವಾಪಸ್ ಕೊಡಬೇಕು. ಅವನು ವಾಪಸ್ ಕೊಡುವ ತನಕ ಆ ಲೈನಿಗೆ ಯಾರೂ ಕರೆಂಟ್ ಬಿಡುವ ಹಾಗಿಲ್ಲ.

ತಳಕಲ್ಲಿನ ಶರಣಬಸಪ್ಪ ಈ ಪಾಠ ಕಲಿತದ್ದು 1997ರಲ್ಲಿ. ಕೊಪ್ಪಳ ಜಿಲ್ಲೆಯಾದ ವರ್ಷ ಅದು. ಅದೇ ವರ್ಷ ಅವನಿಗೆ ನೌಕರಿ ಸಿಕ್ಕಿತು, ಮಗಳು ಸಹನಾ ಹುಟ್ಟಿದಳು. ಗಂಗಾವತಿ ಆಚೆಯ ಭತ್ತದ ಸೀಮೆಯ ಒಂದು ಸೆಕ್ಷನ್ನಿಗೆ ಅವನನ್ನು ಹಾಕಿದರು. ಅಲ್ಲಿ ಆದೆಪ್ಪ ಅಂತ ಒಬ್ಬ ಹಳೆಯ ಮೇಸ್ತ್ರಿ ಇದ್ದ. ಅವನದೊಂದು ಪದ್ಧತಿ: ಲೈನ್ ಬಂದ್ ಮಾಡಿದ ಸ್ವಿಚ್ಚಿನ ಹಿಡಿಕೆಗೆ ಹಿತ್ತಾಳೆಯ ಕೀಲಿ ಜಡಿದು, ಕೀಲಿಕೈಯನ್ನು ಕಂಬ ಏರುವವನ ಕಿಸೆಗೆ ಹಾಕುವುದು. ಕೆಲಸ ಮುಗಿಸಿದವನು ಸೈಕಲ್ ತುಳಿದುಕೊಂಡು ಬಂದು, ಪುಸ್ತಕದಲ್ಲಿ ಸಹಿ ಹಾಕಿ, ಕೀಲಿಕೈ ಒಪ್ಪಿಸಿದರೆ ಊರಿಗೆ ಬೆಳಕು.

"ಕೀಲಿಕೈ ನಿನ್ನ ಕಿಸೇದಾಗ ಇರೋತನಕ ಯಮನೂ ಬಂದು ಸ್ವಿಚ್ ಹಾಕಂಗಿಲ್ಲ, ತಿಳೀತಿಲ್ಲೋ ತಮ್ಮಾ" ಎನ್ನುತ್ತಿದ್ದ ಆದೆಪ್ಪ. ಜನ ತಾಸುಗಟ್ಟಲೆ ಕತ್ತಲಲ್ಲಿ ಕೂತು ಬೈಯುತ್ತಿದ್ದರು. ಆದೆಪ್ಪ ಕೇಳಿಸಿಕೊಳ್ಳುತ್ತಿದ್ದ, ಬೀಡಿ ಹಚ್ಚುತ್ತಿದ್ದ. ಅವನಿದ್ದಷ್ಟು ದಿನ ಆ ಸೆಕ್ಷನ್ನಿನಲ್ಲಿ ಒಬ್ಬನ ಕೂದಲೂ ಕೊಂಕಲಿಲ್ಲ.

ಆಗ ಸಂಜೆ ಆರಕ್ಕೆ ಶರಣಬಸಪ್ಪ ಪಕ್ಕಡು, ಸ್ಕ್ರೂಡ್ರೈವರ್ ಇದ್ದ ಚೀಲವನ್ನು ಗೂಟಕ್ಕೆ ತೂಗಿಹಾಕಿದನೆಂದರೆ ಅವನು ಹೆಂಡತಿಗೆ ಗಂಡ, ಮಗಳಿಗೆ ಅಪ್ಪ. ಕರೆಂಟ್ ಹೋದರೆ ಊರಿನವರು ಅವನ ಮನೆಯ ತನಕ ಬರಬೇಕಿತ್ತು. ಅಷ್ಟು ದೂರ ಸೈಕಲ್ ಹೊಡೆಯಬೇಕಾದವನು ಹೊರಡುವ ಮುಂಚೆ ಒಮ್ಮೆ ಯೋಚಿಸುತ್ತಾನೆ, ಇದು ಬೆಳಗಿನವರೆಗೆ ತಡೆಯುತ್ತದೋ ಇಲ್ಲವೋ ಎಂದು. ಬಹಳಷ್ಟು ಕೆಲಸ ಬೆಳಗಿನವರೆಗೆ ತಡೆಯುತ್ತಿತ್ತು.

2002ರಲ್ಲಿ ಉಮರಸಾಬ ಬಂದ. ಮೊದಲು ದಿನಗೂಲಿ, ಆಮೇಲೆ ಹೆಲ್ಪರ್. ಕೃಶ ದೇಹ, ಕಂಬ ಏರುವುದರಲ್ಲಿ ಅಳಿಲು, ಮಾತಿನಲ್ಲಿ ಅದಕ್ಕಿಂತ ಚುರುಕು. ಅದೇ ವರ್ಷ ಶರಣಬಸಪ್ಪ ಬೈಕ್ ತಗೊಂಡ, ಇಬ್ಬರೂ ಒಂದೇ ಬೈಕಿನಲ್ಲಿ ತಿರುಗಿದರು. ಮುಂದೆ ಶರಣಬಸಪ್ಪ, ಹಿಂದೆ ಏಣಿಯನ್ನು ಹೆಗಲಿಗೆ ಸಿಕ್ಕಿಸಿಕೊಂಡ ಉಮರಸಾಬ. ಹದಿನಾರು ವರ್ಷ ಹಾಗೇ. ಉಮರಸಾಬನ ಹೆಂಡತಿ ಖೈರುನಬಿಗೆ ಬೈಕಿನ ಸಪ್ಪಳ ಸಂದಿಯಲ್ಲಿ ಕೇಳಿದರೆ ಸಾಕು, ಎರಡು ಲೋಟ ಚಹಾಕ್ಕೆ ನೀರಿಡುತ್ತಿದ್ದಳು.

ಅಷ್ಟರಲ್ಲಿ ಮೊಬೈಲ್ ಬಂದಿತ್ತು. ಕೀಲಿ, ಕೀಲಿಕೈ, ಸೈಕಲ್ ಎಲ್ಲ ತಮಾಷೆಯ ಮಾತಾದವು. ಎಲ್.ಸಿ. ಫೋನಿನಲ್ಲೇ. ಆದೆಪ್ಪ ನಿವೃತ್ತನಾಗುವ ದಿನ ಆ ಹಿತ್ತಾಳೆಯ ಕೀಲಿಕೈಯನ್ನು ಶರಣಬಸಪ್ಪನಿಗೆ ಕೊಟ್ಟುಹೋದ. ಇವನು ಟ್ರಂಕಿನಲ್ಲಿ ಹಾಕಿಟ್ಟ. ಇಲಾಖೆಯವರು ಇವನ ನಂಬರನ್ನು ಟ್ರಾನ್ಸ್‌ಫಾರ್ಮರ್ ಡಬ್ಬಿಗಳ ಮೇಲೆ, ಪಂಚಾಯ್ತಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿದರು. ಮೊದಲ ವರ್ಷ ಅವನಿಗೂ ಹೆಮ್ಮೆ, ಸುಳ್ಳು ಯಾಕೆ? ಆಮೇಲೆ ಊಟಕ್ಕೆ ಕೂತಾಗ, ಸ್ನಾನಕ್ಕೆ ಹೋದಾಗ, ಬಸ್ಸಿನಲ್ಲಿ ತೂಕಡಿಸುವಾಗ ಫೋನು. ಫ್ಯಾನ್ ನಿಧಾನ ತಿರುಗುತ್ತದೆಂದು ಫೋನು. ತ್ರೀ ಫೇಸ್ ಯಾವಾಗ ಎಂದು ಫೋನು. ಸುಮ್ಮನೆ ಬೈಯಲಿಕ್ಕೂ ಫೋನು.

ಅದರ ಹಿಂದೆ ವಾಟ್ಸಾಪ್ ಗುಂಪು. ಸೆಕ್ಷನ್ನಿನ ಸಾಹೇಬ ದೊಡ್ಡಬಸಪ್ಪ ಅದನ್ನು ಕಟ್ಟಿದ. ಅವನ ಕಾನೂನು: ಯಾವ ಮೆಸೇಜ್ ಬಂದರೂ, ಡ್ಯೂಟಿ ಇರಲಿ ರಜೆ ಇರಲಿ, ಹತ್ತು ನಿಮಿಷದೊಳಗೆ ಎಲ್ಲರೂ ಉತ್ತರ ಕೊಡಬೇಕು. ಇಲ್ಲದಿದ್ದರೆ ನೋಟಿಸು. ದೊಡ್ಡಬಸಪ್ಪನನ್ನೂ ಪೂರ್ತಿ ರಾಕ್ಷಸ ಅನ್ನುವಂತಿಲ್ಲ. ಅವನ ಮೇಲಿನವನು ಅವನಿಗೆ ಐದು ನಿಮಿಷದ ಕಾನೂನು ಮಾಡಿದ್ದ.

ಶರಣಬಸಪ್ಪನಿಗೆ ಒಂದೇ ಸಲ ನೋಟಿಸು ಬಂತು. ಅವತ್ತು ತಳಕಲ್ಲಿನಲ್ಲಿ ಅವನ ತಾಯಿ ಪಕ್ಕೀರವ್ವ ತೀರಿಕೊಂಡಿದ್ದಳು. ಹೆಗಲ ಮೇಲೆ ಹೆಣವಿತ್ತು, ಕಿಸೆಯಲ್ಲಿ ಫೋನ್ ಗುರುಗುಡುತ್ತಿತ್ತು. ಮೂರನೇ ದಿನ ಕೆಲಸಕ್ಕೆ ಹೋದರೆ ಮೇಜಿನ ಮೇಲೆ ಕಾಗದ: ಗುಂಪಿನಲ್ಲಿ ನಾಲ್ಕು ತಾಸು ಸ್ಪಂದಿಸದಿರುವುದಕ್ಕೆ ವಿವರಣೆ ಕೊಡಿ. ಶರಣಬಸಪ್ಪ ಬರೆದುಕೊಟ್ಟ: ತಾಯಿ ತೀರಿದ್ದರು, ಮುಂದೆ ಹೀಗಾಗದಂತೆ ನೋಡಿಕೊಳ್ಳುತ್ತೇನೆ, ಕ್ಷಮೆ ಇರಲಿ. ಹೆತ್ತವಳನ್ನು ಮಣ್ಣಿಗಿಟ್ಟದ್ದಕ್ಕೆ ಒಬ್ಬ ಮನುಷ್ಯ ಲಿಖಿತ ಕ್ಷಮೆ ಕೇಳಿದ, ಇನ್ನೊಬ್ಬ ಮನುಷ್ಯ ಅದನ್ನು ಫೈಲಿಗೆ ಹಚ್ಚಿದ. ಇಬ್ಬರಿಗೂ ನಗು ಬರಲಿಲ್ಲ, ನಾಚಿಕೆಯೂ ಬರಲಿಲ್ಲ.

ಅಂದಿನಿಂದ ಶರಣಬಸಪ್ಪ ಒಂದು ಉಪಾಯ ಕಂಡುಕೊಂಡ. ಫೋನ್ ಗುರುಗುಟ್ಟಿತೋ, ತೆಗೆದು ಹೆಬ್ಬೆಟ್ಟಿನ ಚಿತ್ರ ಒತ್ತಿಬಿಡುವುದು. ಓದುವುದು ಆಮೇಲೆ, ಪುರುಸೊತ್ತಾದರೆ. ಗುಂಪಿನ ಇಪ್ಪತ್ತಾರು ಮಂದಿಯೂ ಅದನ್ನೇ ಮಾಡುತ್ತಿದ್ದರು. ಸಾಹೇಬನಿಗೆ ಬೇಕಾದದ್ದೂ ಹೆಬ್ಬೆಟ್ಟುಗಳ ಸಾಲೇ. ಒಮ್ಮೆ ಹೆಂಡತಿ ವಿರೂಪಾಕ್ಷಮ್ಮ, ಬರುವಾಗ ಉಪ್ಪು ತನ್ನಿ ಎಂದು ಮೆಸೇಜ್ ಕಳಿಸಿದಳು. ಹೆಬ್ಬೆಟ್ಟು ಹೋಯಿತು, ಉಪ್ಪು ಬರಲಿಲ್ಲ.

"ಸಾರಿಗಿ ಆ ಬಟ್ಟನ್ನ ಅದ್ದಿ ಉಣ್ರಿ ಇವತ್ತ" ಎಂದಳು ವಿರೂಪಾಕ್ಷಮ್ಮ. ಉಮರಸಾಬ ಈ ಮಾತನ್ನು ಸೆಕ್ಷನ್ ತುಂಬ ಹಂಚಿ ತಿಂಗಳುಗಟ್ಟಲೆ ನಗಿಸಿದ.

ನಗುವ ಮಾತೇ ಅದು. ಅವತ್ತಿಗೆ.

2018ರ ಶ್ರಾವಣದ ಒಂದು ಭಾನುವಾರ ಸಹನಾಳ ಕುಬಸ. ಅವಳನ್ನು ಭಾಗ್ಯನಗರಕ್ಕೆ ಕೊಟ್ಟಿದ್ದರು, ಏಳು ತಿಂಗಳ ಬಸುರಿ. ಭಾನುವಾರ ಶರಣಬಸಪ್ಪನ ವಾರದ ರಜೆ. ಹದಿನೈದು ದಿನ ಮೊದಲೇ ಸಾಹೇಬನಿಗೆ ಹೇಳಿ ಒಪ್ಪಿಸಿದ್ದ. ಮಗಳು ಅಪ್ಪನಿಂದ ಒಂದೇ ಒಂದು ಕೇಳಿದ್ದಳು: ಅವತ್ತೊಂದು ದಿನ ಫೋನನ್ನು ಮನೆಯಲ್ಲಿ ಬಿಟ್ಟು ಬಾ. ಆಯಿತು ಎಂದಿದ್ದ. ಬೆಳಿಗ್ಗೆ ಹೊಸಲು ದಾಟುವಾಗ ತಾಯಿಯ ದಿನದ ನೋಟಿಸು ನೆನಪಾಗಿ, ಒಳಗೆ ಹೋಗಿ ಫೋನ್ ತಗೊಂಡು ಕಿಸೆಗಿಳಿಸಿದ.

ಮಧ್ಯಾಹ್ನ ಮೂರರ ಸುಮಾರಿಗೆ ದೊಡ್ಡಬಸಪ್ಪ ಫೋನ್ ಮಾಡಿದ. ನಾಟಿಯ ಹೊತ್ತು, ನವಲಿ ಹಾದಿಯ ಗದ್ದೆಗಳಿಗೆ ಹೋಗುವ ಲೈನಿನಲ್ಲಿ, ಕಂಬದ ಮೇಲೆ ತಂತಿಗೆ ತಂತಿ ಕೂಡಿಸುವ ಜಂಪರ್ ಕಡಿದಿತ್ತು, ಪಂಪುಗಳು ನಿಂತಿದ್ದವು, ಜನ ಸಾಹೇಬನ ಕಿವಿ ತಿನ್ನುತ್ತಿದ್ದರು. ಇನ್ನೊಬ್ಬ ಲೈನ್‌ಮನ್ ಬೇರೆ ಊರಿನಲ್ಲಿ ಸಿಕ್ಕಿಬಿದ್ದಿದ್ದ. ಇದ್ದವನು ಉಮರಸಾಬ ಒಬ್ಬನೇ, ಹೆಲ್ಪರನ ಹೆಸರಿಗೆ ಎಲ್.ಸಿ. ಕೊಡುವ ಹಾಗಿಲ್ಲ.

"ನೀ ಏನೂ ಬರಬ್ಯಾಡೋ ಮಾರಾಯಾ. ಕುಂತಲ್ಲೇ ನಿನ್ನ ಹೆಸರೀಲೆ ಎಲ್.ಸಿ. ಅಷ್ಟ ತಗೊಂಡು ಕೊಡು. ಉಮರ ಏರತಾನ" ಎಂದ ಸಾಹೇಬ.

ಕಂಬದ ಬುಡದಲ್ಲಿ ಇಲ್ಲದವನು ಎಲ್.ಸಿ. ತಗೊಳ್ಳಬಾರದು. ಇದು ಶರಣಬಸಪ್ಪನಿಗೂ ಗೊತ್ತು, ಸಾಹೇಬನಿಗೂ ಗೊತ್ತು. ಈ ಮುಂಚೆಯೂ ಮೂರ್ನಾಲ್ಕು ಸಲ ಹೀಗೆ ನಡೆದಿತ್ತು, ಏನೂ ಆಗಿರಲಿಲ್ಲ. ಅವನು ಉಮರಸಾಬನಿಗೆ ಫೋನ್ ಹಚ್ಚಿ, ಅರ್ಥಿಂಗ್ ರಾಡ್ ಹಾಕಿಕೊಂಡೇ ಏರು ಅಂದ. ಲೈನಿಗೆ ತಪ್ಪಿ ಕರೆಂಟ್ ಬಂದರೂ ಭೂಮಿಗೆ ಇಳಿಸುವ ರಾಡು ಅದು. ಸೆಕ್ಷನ್ನಿನಲ್ಲಿ ಎರಡಿದ್ದವು. ಒಂದು ಮುರಿದು ವರ್ಷವಾಗಿತ್ತು, ಇನ್ನೊಂದು ಇನ್ನೊಬ್ಬ ಲೈನ್‌ಮನ್ ಹತ್ತಿರವಿತ್ತು.

"ರಾಡ್ ಎಲ್ಲೈತಿ ಗುರುವ? ನೀ ಎಲ್.ಸಿ. ತಗೋ, ನಿನ್ನ ಮಾತ ನನಗ ರಾಡು" ಎಂದ ಉಮರಸಾಬ. "ಅದ ಇರಲಿ, ನನ್ನ ಪಾಲಿನ ಹೋಳಿಗಿ ತಗದಿಡು. ತುಪ್ಪಾ ಬ್ಯಾರೆ ಕಟಗೊಂಡು ಬಾ, ಹೋದ ಸಲ ಸೋರಿ ಹಾಳಾತು."

ಬೀಗರ ಮನೆಯ ಪಡಸಾಲೆಯಲ್ಲಿ ಸಹನಾಳನ್ನು ಹಸಿರು ಸೀರೆ ಉಡಿಸಿ ಕೂರಿಸಿದ್ದರು. ಹೆಂಗಸರು ಸೋಬಾನೆ ಎತ್ತಿದ್ದರು, ವಿರೂಪಾಕ್ಷಮ್ಮ ಮಗಳ ಕೈಗೆ ಹಸಿರು ಬಳೆ ಏರಿಸುತ್ತಿದ್ದಳು. ವಿಡಿಯೋದವನು ಅದನ್ನು ಹಿಡಿಯುತ್ತಿದ್ದ. ಅವನ ಬೆನ್ನ ಹಿಂದೆ ಬಾಗಿಲಿಗೊರಗಿ ನಿಂತು ಶರಣಬಸಪ್ಪ ಆಪರೇಟರ್ ಪ್ರಭುರಾಜನ ಹತ್ತಿರ ಎಲ್.ಸಿ. ಕೇಳಿದ. ಹದಿನೇಳು ಅಂದ ಪ್ರಭುರಾಜ. ಹಾಡಿನ ಗದ್ದಲದಲ್ಲಿ ಇವನು ಧ್ವನಿ ಏರಿಸಿ ತಿರುಗಿ ಹೇಳಿದ. ಸಹನಾ ತಲೆಯೆತ್ತಿ ಅಪ್ಪನನ್ನು ದಿಟ್ಟಿಸಿದಳು. ಅವನು ಮುಖ ಹೊರಳಿಸಿದ.

ಮುಂದಿನ ಮುಕ್ಕಾಲು ತಾಸು ಗುಂಪು ಸುಮ್ಮನಿರಲಿಲ್ಲ. ಬಿಲ್ ವಸೂಲಿಯ ಪಟ್ಟಿ. ನಾಳಿನ ಮೀಟಿಂಗು. ಯಾರದೋ ಹುಟ್ಟುಹಬ್ಬಕ್ಕೆ ಹೂಗುಚ್ಛ. ಅತ್ತ ಸಬ್‌ಸ್ಟೇಷನ್ನಿನಲ್ಲಿ ಪ್ರಭುರಾಜನ ಫೋನಿಗೆ ಊರಿನವರು ಒಬ್ಬರ ಮೇಲೊಬ್ಬರು. ಆ ಭಾನುವಾರ ಅವನ ಫೋನಿಗೆ ಐವತ್ತಕ್ಕೂ ಹೆಚ್ಚು ಕರೆ ಬಂದಿದ್ದವು, ಲೈನ್ ಇನ್ನೂ ಯಾಕೆ ಬಿಟ್ಟಿಲ್ಲ ಎಂದು. ಪ್ರಭುರಾಜ ಗುತ್ತಿಗೆಯವನು, ಹೆದರುಪುಕ್ಕಲ. ಶರಣಬಸಪ್ಪನಿಗೆ ಎರಡು ಸಲ ಫೋನ್ ಹಚ್ಚಿದ, ಎರಡೂ ಸಲ ಲೈನ್ ಬಿಜಿ. ಕಡೆಗೆ ಗುಂಪಿನಲ್ಲಿ ಹಾಕಿದ: ಶರಣಬಸಪ್ಪ ಸರ್, ಹದಿನೇಳು ಮುಗಿಯಿತಾ, ಲೈನ್ ಬಿಡಲಾ?

ಶರಣಬಸಪ್ಪ ಪಂಕ್ತಿಯಲ್ಲಿ ಹೋಳಿಗೆಯ ಮೇಲೆ ತುಪ್ಪ ಬಡಿಸುತ್ತಿದ್ದ. ಬಲಗೈಯಲ್ಲಿ ತಂಬಿಗೆ. ಕಿಸೆ ಗುರುಗುಟ್ಟಿತು. ಎಡಗೈಯಿಂದ ತೆಗೆದ. ಹನ್ನೊಂದು ಮೆಸೇಜು. ಎದುರಿಗೆ ಬೀಗರು ಎಲೆಯ ಮುಂದೆ ಕಾಯುತ್ತಿದ್ದರು. ಹೆಬ್ಬೆಟ್ಟು ಒತ್ತಿ ಫೋನ್ ಕಿಸೆಗಿಳಿಸಿ ಮುಂದಿನ ಎಲೆಗೆ ಬಾಗಿದ.

ಅಷ್ಟೇ ನಡೆದದ್ದು. ನಾಲ್ಕು ಎಲೆ ದಾಟುವಷ್ಟರಲ್ಲಿ ಮತ್ತೆ ಫೋನ್. ಈ ಸಲ ಗದ್ದೆಯ ರೈತನೊಬ್ಬನ ಕರೆ. ಹೆಬ್ಬೆಟ್ಟನ್ನು ಹೂಂ ಎಂದು ತಿಳಿದು ಪ್ರಭುರಾಜ ಲೈನ್ ಬಿಟ್ಟಿದ್ದ.

ಉಮರಸಾಬ ಇನ್ನೂ ಮೇಲೇ ಇದ್ದ.

ಬುತ್ತಿಗೆ ಕಟ್ಟಿದ್ದ ಹೋಳಿಗೆಯ ಡಬ್ಬಿ ಬೈಕಿನ ಚೀಲದಲ್ಲೇ ಮೂರು ದಿನ ಉಳಿಯಿತು. ತುಪ್ಪದ ಶೀಸೆ ಬೇರೆ ಇತ್ತು, ಸೋರಿರಲಿಲ್ಲ.

ನಾಲ್ಕನೇ ದಿನ ದೊಡ್ಡಬಸಪ್ಪ ಅವನನ್ನು ಗಂಗಾವತಿಯ ಒಂದು ಹೋಟೆಲಿಗೆ ಕರೆಸಿ ಚಹಾ ಹೇಳಿದ. ಗುಂಪಿನಲ್ಲಿ ಆ ಭಾನುವಾರದ ಮೆಸೇಜುಗಳು ಅಳಿದುಹೋಗಿದ್ದವು. ಎಲ್ಲರಿಗೂ ಫೋನ್ ಬದಲಿಸಲು ಹೇಳಿಯಾಗಿತ್ತು. ಪ್ರಭುರಾಜ ಎಲ್.ಸಿ. ಪುಸ್ತಕದಲ್ಲಿ ಹದಿನೇಳನ್ನು ಬರೆದೇ ಇರಲಿಲ್ಲ. ಗುಂಪೇ ದಾಖಲೆ ಎಂದು ಆರು ತಿಂಗಳಿಂದ ಯಾರೂ ಬರೆಯುತ್ತಿರಲಿಲ್ಲ. ಈಗ ವರದಿ ತಯಾರಾಗಿತ್ತು: ಉಮರಸಾಬ ಯಾರನ್ನೂ ಕೇಳದೆ, ಎಲ್.ಸಿ. ಇಲ್ಲದೆ, ರೈತರ ಮಾತು ಕೇಳಿ ತಾನಾಗಿ ಕಂಬ ಏರಿದ. ಸತ್ತವನದೇ ತಪ್ಪು. ತಪ್ಪು ಅವನದಾದರೆ ಖೈರುನಬಿಗೆ ಪರಿಹಾರವೂ ಇಲ್ಲ, ಮನೆಯಲ್ಲೊಬ್ಬರಿಗೆ ನೌಕರಿಯೂ ಇಲ್ಲ.

"ಅಂವಂತೂ ಹೋದ. ನೀನರ ಉಳಕೋ" ಎಂದ ದೊಡ್ಡಬಸಪ್ಪ. "ಬೀಗರ ಮನ್ಯಾಗ ಕುಂತು ಎಲ್.ಸಿ. ತಗೊಂಡಿ ಅಂತ ಗೊತ್ತಾದ್ರ ಇಪ್ಪತ್ತೊಂದು ವರ್ಷದ ನೌಕರಿ ಮಣ್ಣ ಆಕ್ಕತಿ. ನಂದೂ ಆಕ್ಕತಿ, ಸುಳ್ಳ ಯಾಕ."

ಶರಣಬಸಪ್ಪ ಚಹಾದ ಲೋಟ ಹಾಗೇ ಬಿಟ್ಟ. ಎದ್ದು ಬಂದ. ಮುಂದಿನ ಹದಿನೈದು ದಿನ ಅವನು ಮನೆಯಲ್ಲಿ ಮಾತು ಬಿಟ್ಟ. ಊಟಕ್ಕೆ ಕೂತರೆ ತುತ್ತು ಕಲಸುವ ಹೆಬ್ಬೆಟ್ಟನ್ನೇ ನೋಡುತ್ತಿದ್ದ. ವಿಚಾರಣೆಯ ದಿನ ಹತ್ತಿರ ಬರುತ್ತಿತ್ತು. ನಿಜ ಹೇಳಬೇಕೆಂದುಕೊಂಡರೂ ಕೈಯಲ್ಲಿ ಏನಿದೆ? ಸಾಹೇಬನ ಕಾಗದದ ಎದುರು ಒಬ್ಬ ಲೈನ್‌ಮನ್ನನ ಬಾಯಿಮಾತು. ಹೀಗೆಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, ಹೇಳಿಕೊಂಡು ಒಳಗೊಳಗೇ ಸ್ವಲ್ಪ ನಿರಾಳವಾಗುತ್ತಿದ್ದ. ಆ ನಿರಾಳವೇ ಅವನಿಗೆ ಅನ್ನ ಇಳಿಯಗೊಡಲಿಲ್ಲ.

ಆಗ ಸಹನಾ ಹೆರಿಗೆಗೆಂದು ತವರಿಗೆ ಬಂದಳು. ಕುಬಸದ ವಿಡಿಯೋ ಇದ್ದ ಪೆನ್‌ಡ್ರೈವ್ ತಂದಿದ್ದಳು. ಅಪ್ಪನ ಮನಸ್ಸು ಬೇರೆ ಕಡೆ ಹೊರಳಲಿ ಎಂದು ಟಿ.ವಿ.ಗೆ ಸಿಕ್ಕಿಸಿದಳು. ಸೋಬಾನೆ, ಹಸಿರು ಬಳೆ, ವಿರೂಪಾಕ್ಷಮ್ಮನ ಕೈ. ಹಾಡಿನ ಮೇಲೆ, ಕ್ಯಾಮೆರಾದ ತೀರ ಹತ್ತಿರದಿಂದ, ಒಂದು ಗಂಡು ಧ್ವನಿ: ಶರಣಬಸಪ್ಪ ಮಾತಾಡೂದ್ರಿ. ನವಲಿ ಹಾದಿ ಲೈನಿಗಿ ಎಲ್.ಸಿ. ಕೊಡ್ರಿ. ಉಮರಸಾಬ ಕಂಬದ ಬುಡಕ ಅದಾನ, ಅಂವ ಏರತಾನ. ಹಾಂ, ಹದಿನೇಳು. ಹದಿನೇಳು ಅಂದ್ರಿ, ಬರಕೊಂಡೆ.

ಮೂಲೆಯಲ್ಲಿ ತಾರೀಖು, ಹೊತ್ತು ಎರಡೂ ಇದ್ದವು.

ಶರಣಬಸಪ್ಪ ಮೊದಲ ಸಲ ಬಾಯಿಬಿಟ್ಟು ಎಲ್ಲ ಹೇಳಿದ. ಹೆಬ್ಬೆಟ್ಟು ಒತ್ತಿದ್ದನ್ನೂ ಹೇಳಿದ. ವಿರೂಪಾಕ್ಷಮ್ಮ ಸೆರಗು ಬಾಯಿಗೊತ್ತಿಕೊಂಡು, ಹುಟ್ಟುವ ಕೂಸಿನ ಮುಖ ನೋಡುವ ಹೊತ್ತಿನಲ್ಲಿ ಮನೆಗೆ ಬೆಂಕಿ ಇಡಬ್ಯಾಡ್ರಿ ಎಂದು ಅತ್ತಳು. ಅತ್ತು ಮುಗಿಸಿ ಅವಳೇ ಕೇಳಿದಳು, ಈ ವಿಡಿಯೋವನ್ನು ಇನ್ನು ಮುಂದೆ ಯಾವ ಮೋರೆ ಹೊತ್ತು ನೋಡುವುದು ಎಂದು.

ಸಹನಾ ಪೆನ್‌ಡ್ರೈವ್ ಕಿತ್ತು ಅಪ್ಪನ ಕೈಯಲ್ಲಿಟ್ಟಳು. "ನನ್ನ ಕುಬಸದಾಗೂ ನೀ ಡ್ಯೂಟಿ ಮಾಡಿದೆಲ್ಲಪ್ಪಾ ಅಂತ ಸಿಟ್ಟಾಗಿದ್ದೆ. ಉಮರಕಾಕಾಗ ಅದೊಂದರ ಉಪಯೋಗಕ್ಕ ಬರಲಿ. ಒಯ್ಯಿ."

ಕೊಪ್ಪಳದಲ್ಲಿ ನಡೆದ ವಿಚಾರಣೆಗೆ ಮೇಲಿನ ಅಧಿಕಾರಿ ಬಂದಿದ್ದರು. ಶರಣಬಸಪ್ಪ ವಿಡಿಯೋ ಕೊಟ್ಟ. ಎಲ್.ಸಿ. ನನ್ನ ಹೆಸರಲ್ಲಿತ್ತು, ನಾನು ಭಾಗ್ಯನಗರದಲ್ಲಿದ್ದೆ, ಓದದೆ ಒತ್ತಿದವನು ನಾನು ಎಂದು ಹೇಳಿ ಸಹಿ ಹಾಕಿದ. ಅಧಿಕಾರಿ ಒಂದು ಪ್ರಶ್ನೆ ಕೇಳಿದರು: ಓದದೆ ಯಾಕೆ ಒತ್ತಿದಿರಿ? ಶರಣಬಸಪ್ಪ ತಾಯಿ ಸತ್ತ ದಿನದ ನೋಟಿಸಿನ ಪ್ರತಿಯನ್ನು ಮೇಜಿನ ಮೇಲಿಟ್ಟ. ಅವರು ಅದನ್ನು ಓದುತ್ತಿರುವಾಗಲೇ ಅವರ ಫೋನ್ ಗುರುಗುಟ್ಟಿತು. ಅವರೂ ತೆಗೆದು ನೋಡಿದರು, ಏನೋ ಒತ್ತಿದರು.

ಉಮರಸಾಬನ ಹೆಸರಿನ ಮೇಲಿನ ಮಸಿ ಹೋಯಿತು. ಅವನ ಮಗಳಿಗೆ ನೌಕರಿಯ ಕಾಗದ ಬಂತು. ಗುತ್ತಿಗೆಯ ಪ್ರಭುರಾಜನನ್ನು ಅದೇ ವಾರ ಮನೆಗೆ ಕಳಿಸಿದರು. ದೊಡ್ಡಬಸಪ್ಪನನ್ನು ಎಚ್ಚರಿಕೆ ಕೊಟ್ಟು ಕುಷ್ಟಗಿ ಕಡೆ ಹಾಕಿದರು. ಅಲ್ಲಿಯೂ ಒಂದು ಗುಂಪಿದೆ ಎಂದು ಕೇಳಿದವರು ಹೇಳುತ್ತಾರೆ. ಶರಣಬಸಪ್ಪ ಒಂದು ವರ್ಷ ಅಮಾನತಿನಲ್ಲಿದ್ದು, ಬಡ್ತಿ ಕಳೆದುಕೊಂಡು, ಯಲಬುರ್ಗಾ ಕಡೆ ಮತ್ತೆ ಕೆಲಸಕ್ಕೆ ಸೇರಿದ. ಹತ್ತು ನಿಮಿಷದ ಕಾನೂನು ಮಾತ್ರ ಎಲ್ಲಿಗೂ ವರ್ಗವಾಗಲಿಲ್ಲ.

ಅಮಾನತಾದ ಮೊದಲ ತಿಂಗಳ ಒಂದು ಬೆಳಿಗ್ಗೆ ಅವನು ಖೈರುನಬಿಯನ್ನು ನೋಡಲು ಹೋದ. ಬೈಕನ್ನು ಸಂದಿಯ ಆಚೆಯೇ ನಿಲ್ಲಿಸಿದ, ಸಪ್ಪಳ ಕೇಳದಿರಲಿ ಎಂದು. ಅವಳಿಗೆ ಕೇಳಿಸಿತ್ತು. ಎರಡು ಲೋಟ ಚಹಾಕ್ಕೆ ನೀರು ಇಟ್ಟುಬಿಟ್ಟಿದ್ದಳು, ರೂಢಿ. ಎರಡನೇ ಲೋಟವನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಳು. ಆ ವಿಡಿಯೋ ಒಮ್ಮೆ ಕೇಳಿಸು ಅಂದಳು. ಕೇಳಿದಳು. ಸೋಬಾನೆಯ ನಡುವೆ ಗಂಡನ ಹೆಸರು ಬಂದ ಕಡೆ ಕಣ್ಣು ಮುಚ್ಚಿದಳು.

"ಖರೇ ಹೇಳಿದಿ ಅಣ್ಣಾ, ಅಲ್ಲಾ ನಿನಗ ಛಲೋ ಮಾಡ್ಲಿ" ಎಂದಳು. "ಆದ್ರ ಇನ್ನ ಈ ಮನೀಗಿ ಬರಬ್ಯಾಡ. ನೀ ಬಂದ್ರ ಹಿಂದ ಏಣಿ ಹೊತಗೊಂಡು ಅವರೂ ಬರಾಕತ್ಯಾರ ಅನಸ್ತೈತಿ. ಬಾಗಲಾ ನೋಡಿ ನೋಡಿ ಸಾಕಾಗೇತಿ ನನಗ."

ಅವನು ಚಹಾ ಕುಡಿದು, ಲೋಟ ತಾನೇ ತೊಳೆದಿಟ್ಟು, ಎದ್ದು ಬಂದ. ಮತ್ತೆ ಹೋಗಿಲ್ಲ.

ಈಗ ಅವನ ಕಿಸೆಯಲ್ಲಿ ಫೋನಿನ ಜೊತೆ ಆದೆಪ್ಪನ ಹಿತ್ತಾಳೆಯ ಕೀಲಿಕೈ ಇರುತ್ತದೆ. ಅದು ಹೊಂದುವ ಕೀಲಿ ಎಂದೋ ಗುಜರಿಗೆ ಹೋಗಿದೆ. ಎಲ್.ಸಿ. ವಾಪಸ್ ಕೊಡುವ ಮುಂಚೆ ಅವನು ಕಂಬದ ಬುಡಕ್ಕೆ ಹೋಗಿ ತಲೆ ಎತ್ತಿ ನೋಡುತ್ತಾನೆ, ಎಲ್ಲರನ್ನೂ ಹೆಸರು ಹಿಡಿದು ಕೂಗುತ್ತಾನೆ. ಜೊತೆಯವರು ನಗುತ್ತಾರೆ. ಗುಂಪಿನಲ್ಲಿ ಅವನ ಹೆಬ್ಬೆಟ್ಟು ಬೀಳುವುದಿಲ್ಲ, ಇದುವರೆಗೆ ಆರು ನೋಟಿಸು ಬಂದಿವೆ. ಸಹನಾ ಮಗನ ಫೋಟೋ ಕಳಿಸಿದರೂ ಒತ್ತುವುದಿಲ್ಲ. ಫೋನ್ ಹಚ್ಚಿ, ನೋಡಿದೆನವ್ವಾ, ಛಲೋ ಅದಾನ, ಅನ್ನುತ್ತಾನೆ. ಅಷ್ಟು ಹೇಳಲಿಕ್ಕೆ ಅವನಿಗೆ ಬಹಳ ಹೊತ್ತು ಬೇಕಾಗುತ್ತದೆ.

ಆ ಭಾನುವಾರ ಪ್ರಭುರಾಜನಿಗೆ ಬಂದ ಐವತ್ತು ಕರೆಗಳ ವಿಚಾರಣೆ ಯಾರೂ ಮಾಡಲಿಲ್ಲ. ಕರೆ ಮಾಡಿದವರು ಕೆಟ್ಟವರೂ ಅಲ್ಲ. ನಮ್ಮಂಥವರು, ಸ್ವಲ್ಪ ಅವಸರದವರು. ನಿಮ್ಮ ಫೋನಿನಲ್ಲಿಯೂ ಒಬ್ಬ ಲೈನ್‌ಮನ್ನನ ಸ್ವಂತ ನಂಬರಿದೆ. ಕರೆಂಟ್ ಆಫೀಸಿನ ನಂಬರು ನಿಮ್ಮ ಬಿಲ್ಲಿನ ಮೇಲೆ ಅಚ್ಚಾಗಿದೆ, ಅದನ್ನು ಎತ್ತಲಿಕ್ಕೆಂದೇ ಒಬ್ಬರು ಅಲ್ಲಿ ಕೂತಿರಬೇಕು. ಕೂತಿಲ್ಲದಿದ್ದರೆ ಹೋಗಿ ಆಫೀಸಿನ ಬಾಗಿಲು ಬಡಿಯಿರಿ. ಈಗ ಇದನ್ನು ಕೆಳಗಿಡಿ. ಫೋನ್ ತೆಗೆಯಿರಿ. ಆ ಮನುಷ್ಯನ ಸ್ವಂತ ನಂಬರನ್ನು ಅಳಿಸಿಹಾಕಿ.